ಸೊರಬಕ್ಕೆ ಒಯ್ದ ಕಾಂತದ ಪದರ

ಶನಿವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ರೈಲಿಳಿದಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ ಮತ್ತು ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ಡಬ್ಬಿ ಇದ್ದವು. ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ವಿನುತಾಳ ಹತ್ತಿರ ಕ್ಷಮೆ ಕೇಳಲು ಹೊರಟಿದ್ದೆ. ಒಂದು ಕಾಲಕ್ಕೆ ನಾವಿಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಒಂದೇ ಮೇಜಿಗೆ ಕೂತವರು. ಬರುತ್ತೇನೆಂದು ಉದ್ದವಾಗಿ ಬರೆದಿದ್ದೆ. ಅವಳಿಂದ ‘ಸರಿ’ ಎಂದಷ್ಟೇ ಉತ್ತರ ಬಂದಿತ್ತು.

ಶಿಕಾರಿಪುರಕ್ಕೆ ಸರ್ಕಾರಿ ಬಸ್ಸು ಸಿಕ್ಕಿತು. ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದೆ. ಇಳಿದಾಗ ಒಂಬತ್ತು ಗಂಟೆ, ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ನಿಲ್ದಾಣದ ಹತ್ತಿರ ಮಂಡಕ್ಕಿಯ ಜೊತೆ ಎರಡು ಮಿರ್ಚಿ ಹೇಳಿದೆ. ಎರಡು ಹೇಳುವುದು ವಿನುತಾ ಜೊತೆಗಿದ್ದ ಕಾಲದ ಅಭ್ಯಾಸ. ಎರಡನೆಯದನ್ನು ತಿನ್ನುವವರಿಲ್ಲದೆ ಅದು ತಟ್ಟೆಯಲ್ಲೇ ಉಳಿಯಿತು.

ಅಲ್ಲಿಂದ ಶಿರಾಳಕೊಪ್ಪ ಇಪ್ಪತ್ತು ಕಿಲೋಮೀಟರು, ಖಾಸಗಿ ಬಸ್ಸು. ಪಕ್ಕದಲ್ಲಿ ಸಂತೆಗೆ ಹೊರಟಿದ್ದ ಹೆಂಗಸು ನನ್ನ ಕೈಯ ಡಬ್ಬಿ ನೋಡಿ ಕೇಳಿದರು, “ಏನ್ರೀ ಅದು, ಮೂಗುಬಟ್ಟಾ?”

“ಅಲ್ಲಮ್ಮ, ಕಾಂತದ ಪದರ, ಅಯಸ್ಕಾಂತದ ತೆಳು ಹಾಳೆ ಇದ್ದಂಗೆ. ಇದ್ರೊಳಗೆ ಕರೆಂಟು ಹರಿಯಲ್ಲ. ಆದ್ರೆ ಒಂದು ಬದಿ ಕಾಯಿಸಿದ್ರೆ ಒಳಗಿನ ಕಾಂತದ ಗುಣ ಬಿಸಿ ಕಡೆಯಿಂದ ತಂಪಿನ ಕಡೆಗೆ ಹರಿಯತ್ತೆ. ಮೇಲಿರೋ ಪ್ಲಾಟಿನಂ ಅದನ್ನ ಹಿಡಿದು ಚೂರು ಕರೆಂಟು ತೋರಿಸತ್ತೆ.”

“ಪಂಪ್‌ಸೆಟ್ ಓಡತ್ತಾ?”

“ಇಲ್ಲಮ್ಮ.”

“ಅಷ್ಟಕ್ಕೆ ಇಷ್ಟು ದೂರ ಬಂದೀರಾ ತಾಯಿ,” ಎಂದು ಅವರು ಕಿಟಕಿಯ ಕಡೆ ತಿರುಗಿದರು. ಇಡೀ ದಿನದಲ್ಲಿ ನನ್ನನ್ನು ಅಷ್ಟು ಮಾತಾಡಿಸಿದವರು ಅವರೊಬ್ಬರೇ.

ಅವರಿಗೆ ಹೇಳದ ಭಾಗ ಇಲ್ಲಿದೆ. ಬಿಸಿ ಮತ್ತು ತಂಪು ಬದಿ ಬದಲಾಯಿಸಿದರೆ ವೋಲ್ಟೇಜು ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಎರಡು ವರ್ಷದ ಹಿಂದೆ ಇದೇ ಪದರದ ಮೇಲೆ ವಿನುತಾ ಮಾಡಿದ ಅಳತೆಗಳೆಲ್ಲ ಮೈನಸ್ ಬಂದವು. ತಂತಿ ಅದಲುಬದಲು ಮಾಡಿದ್ದಾಳೆ ಎಂದು ನಾನು ನಮ್ಮ ಮಾರ್ಗದರ್ಶಕರಿಗೆ ಹೇಳಿದೆ. ಸೀನಿಯರ್ ಅಂದಮೇಲೆ ನನ್ನ ಮಾತೇ ನಡೆಯಿತು. ಅವಳ ಆರು ತಿಂಗಳ ಕೆಲಸವನ್ನು ಪಕ್ಕಕ್ಕಿಟ್ಟರು. ಅವಳು ಪಿಎಚ್.ಡಿ. ಬಿಟ್ಟು ಊರಿಗೆ ಬಂದಳು. ಹೋದ ವಾರ, ಅಳೆಯುವಾಗ ಪದರವನ್ನು ಕೂರಿಸುವ ಹಳೆಯ ತಾಮ್ರದ ಹಿಡಿಕೆಯನ್ನು ಬಿಚ್ಚಿದಾಗ, ಮೇಲಿರಬೇಕಾದ ಹೀಟರು ಕೆಳಗಿತ್ತು; ಮೈನಸ್ ಬರಲೇಬೇಕಿತ್ತು. ರಿಪೇರಿ ಮಾಡಿ ಅದನ್ನು ಅಲ್ಲಿ ಅಂಟಿಸಿದವಳು ನಾನು, ಪ್ರಯೋಗಾಲಯದ ಪುಸ್ತಕದಲ್ಲಿ ಎಂದಿನಂತೆ ‘ಹೀಟರು ಮೇಲೆ’ ಎಂದು ಬರೆದವಳೂ ನಾನೇ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ ತಲುಪುವಷ್ಟರಲ್ಲಿ ಶನಿವಾರದ ಅರ್ಧ ದಿನದ ಶಾಲೆ ಬಿಟ್ಟಿತ್ತು. ವಿನುತಾ ಖಾಲಿ ತರಗತಿಯಲ್ಲಿ ಒಬ್ಬಳೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕುರ್ಚಿ ತೋರಿಸಿದಳು, ನೀರು ಕೊಟ್ಟಳು. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಹಿಡಿಕೆ, ಹೀಟರು, ನನ್ನ ತಪ್ಪು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನಿನ್ನ ಅಳತೆ ಸರಿಯಾಗಿತ್ತು, ಪ್ರಬಂಧದಲ್ಲಿ ನಿನ್ನ ಹೆಸರು ಹಾಕುತ್ತೇನೆ ಎಂದೂ ಹೇಳಿದೆ.

“ಒಂದ್ಸಲ ಬಿಚ್ಚಿ ನೋಡೇ ಅಂತ ಅವತ್ತೇ ಬಡ್ಕೊಂಡಿದ್ದೆ,” ಎಂದಳು.

“ಹೌದು.”

“ಸರ್‌ಗೆ ಹೇಳಿದ್ಯಾ?”

ಹೇಳಿರಲಿಲ್ಲ. ಸೊರಬದಲ್ಲಿ ಗುಟ್ಟಾಗಿ ಕ್ಷಮೆ ಸಿಕ್ಕರೆ ಪ್ರಯೋಗಾಲಯದಲ್ಲಿ ಮರ್ಯಾದೆ ಉಳಿಯುತ್ತದೆ ಎಂಬ ಲೆಕ್ಕಾಚಾರ ನನಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಇತ್ತು.

ವಿನುತಾ ಡಬ್ಬಿಯನ್ನು ಮುಟ್ಟದೆ ಕೆಂಪು ಪೆನ್ನಿನ ತುದಿಯಿಂದ ನನ್ನ ಕಡೆಗೆ ಸರಿಸಿದಳು. “ನನ್ನ ಸುಳ್ಳಿ ಮಾಡಿದ್ದು ಅವ್ರ ಮುಂದೆ. ಅಲ್ಲೇ ಹೇಳು. ಎರಡೂವರೆಗೆ ಬಸ್ಸಿದೆ, ತಪ್ಪಿದ್ರೆ ಕಾಯ್ಬೇಕಾಗತ್ತೆ.” ಗೇಟಿನವರೆಗೆ ಬರಲಿಲ್ಲ.

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಶಿರಾಳಕೊಪ್ಪದ ನಿಲ್ದಾಣದಲ್ಲಿ, ಶಿಕಾರಿಪುರದ ಬಸ್ಸಿಗೆ ಕಾಯುತ್ತ, ಮಾರ್ಗದರ್ಶಕರಿಗೆ ಫೋನು ಮಾಡಿದೆ. ಏನನ್ನೂ ಮುಚ್ಚಿಡದೆ ಹೇಳಿ ಮುಗಿಸಿದೆ. ಸೋಮವಾರ ಪುಸ್ತಕ ತೆಗೆದುಕೊಂಡು ಬಾ, ಎಲ್ಲರ ಮುಂದೆ ಹೇಳಬೇಕಾಗುತ್ತದೆ ಎಂದರು. ಆಗಲಿ ಎಂದೆ.

“ಅವಳನ್ನ ನೋಡ್ಕೊಂಡು ಬಂದ್ಯಲ್ಲ,” ಎಂದು ಅವರು ಕೇಳಿದರು, “ಹೇಗಿದ್ದಾಳೆ?”

ಬಸ್ಸು ಬಂತು, ಜನ ನೂಕುತ್ತ ಹತ್ತಿದರು. ಅದೊಂದನ್ನು ನಾನು ಅವಳ ಹತ್ತಿರ ಕೇಳಿರಲೇ ಇಲ್ಲ.