ಪೆಟ್ಟಿಗೆ ಕೂಗಿದ್ದು ನನಗೆ ಕೇಳಲಿಲ್ಲ

ಮನೆಯಲ್ಲಿ ಯಂತ್ರ ಕೆಟ್ಟರೆ ಗಂಡಸು ಮೊದಲು ಮಾಡುವ ಕೆಲಸ ಅದನ್ನು ತಟ್ಟಿ ನೋಡುವುದು. ಎರಡನೆಯದು ಹೆಂಡತಿಯನ್ನು ಗದರುವುದು. ನಾನು ಎರಡನ್ನೂ ಇದೇ ಕ್ರಮದಲ್ಲಿ ಮಾಡಿದೆ. ತಪ್ಪೊಪ್ಪಿಗೆ ಬರೆಯಲು ಕೂತವನು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಮಳೆಗಾಲದ ಮಧ್ಯಾಹ್ನ. ಊಟವಾಗಿ ಎಲೆಯಡಿಕೆಯ ಕವಳ ಹಾಕಿ, ಕಂಪ್ಯೂಟರಿನ ಗುಂಡಿ ಒತ್ತಿದೆ. ಪೆಟ್ಟಿಗೆಯೊಳಗೆ ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ನನಗೇನೂ ಗಾಬರಿಯಾಗಲಿಲ್ಲ. ನಮ್ಮ ಕಡೆಯ ಯಕ್ಷಗಾನದ ಆಟದಲ್ಲಿ ತೆರೆ ಹಿಡಿದು ಚಂಡೆ ಬಾರಿಸುತ್ತಿರುವಾಗ, ತೆರೆಯ ಮೇಲೆ ಕಿರೀಟದ ತುದಿ ಮಾತ್ರ ಅಲ್ಲಾಡುತ್ತದಲ್ಲ, ಹಾಗೆ ಇದೂ ಇರಬೇಕು ಎಂದುಕೊಂಡೆ. ಚಿಕ್ಕಂದಿನಲ್ಲಿ ಆಟದಲ್ಲಿ ನನಗೆ ಹಿಡಿಸುತ್ತಿದ್ದುದು ಆ ಹೊತ್ತೊಂದೇ. ಹಿಂದೆ ನಿಂತವನು ದೇವರೋ ರಕ್ಕಸನೋ ಗೊತ್ತಿಲ್ಲ; ಇಬ್ಬರೂ ಆಗಿರಬಹುದು. ವೇಷ ಹೊರಗೆ ಬಂದ ಮೇಲೆ ನಾನು ಅವ್ವನ ಮಡಿಲಲ್ಲಿ ನಿದ್ದೆ ಹೋಗುತ್ತಿದ್ದೆ. ಈಗಲೂ ಕಪ್ಪು ಪರದೆಯ ಮುಂದೆ ಕೂತು ಹಾಗೇ ತೂಕಡಿಸಿದೆ. ಎಚ್ಚರವಾದಾಗ ಹೊರಗೆ ಮಳೆ ನಿಂತಿತ್ತು, ತೆರೆ ಇಳಿದಿರಲಿಲ್ಲ. ಗಾಬರಿ ಆಗ ಶುರುವಾಯಿತು.

ಏಕೆಂದರೆ ಆ ಪೆಟ್ಟಿಗೆಯಲ್ಲಿ ಮಾಸ್ತಮ್ಮನ ಹಾಡುಗಳಿದ್ದವು. ಮಾಸ್ತಮ್ಮ ಎಂದರೆ ನನ್ನ ಹೆಂಡತಿ, ಹಿರೇಗುತ್ತಿ ಕಡೆಯವಳು. ಓದು ಬರಹ ಬಾರದು. ಗದ್ದೆ ನಟ್ಟಿಯ ಹಾಡು, ಮದುವೆಯ ಹಾಡು, ಮಗುವನ್ನು ಮೀಯಿಸುವ ಹಾಡು ಅವಳ ಅವ್ವನಿಂದ ಅವಳಿಗೆ ಬಂದವು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಹೊನ್ನಾವರದ ಕಚೇರಿಯೊಂದರ ಎದುರು ಟೈಪ್ ಮಿಷನ್ ಇಟ್ಟುಕೊಂಡು ನಲವತ್ತು ವರ್ಷ ಊರವರ ಅರ್ಜಿ ಕುಟ್ಟಿದವನು. ಕೈ ಸುಮ್ಮನಿರಲು ಕೇಳದೆ, ಭಟ್ಕಳದಿಂದ ಒಂದು ಹಳೆಯ ಕಂಪ್ಯೂಟರ್ ತಂದು, ಅವಳು ಹೇಳಿದ ಹಾಡುಗಳನ್ನು ಮೊದಲು ನೋಟುಬುಕ್ಕಿನಲ್ಲಿ ಬರೆದು, ಆಮೇಲೆ ಅದಕ್ಕೆ ಏರಿಸಿದೆ. ಎರಡು ಮಳೆಗಾಲದ ಕೆಲಸ. ಕುಮಟೆಯ ಮುದ್ರಣಾಲಯದವರೊಬ್ಬರು ಪುಸ್ತಕ ಮಾಡೋಣ ಎಂದಿದ್ದರು.

ಏರಿಸಿ ಮುಗಿದ ದಿನ ನೋಟುಬುಕ್ಕುಗಳನ್ನು ಬಚ್ಚಲೊಲೆಗೆ ಹಾಕಿ ಬಿಸಿನೀರು ಕಾಯಿಸಿ ಮಿಂದೆ. ಮಿಂದು ಬಂದವನೇ ಅವಳಿಗೆ ಹೇಳಿದೆ, "ಇನ್ನು ನೀನು ಮರ್ತ್ರೂ ಅಡ್ಡಿ ಇಲ್ಲ, ಎಲ್ಲಾ ಒಳಗೆ ಅದೆ." ಅವಳು ನನ್ನ ಮಾತನ್ನು ನಂಬುವವಳು. ಆಮೇಲೆ ಒಮ್ಮೆ ಯಾವುದೋ ಹಾಡಿನ ಸಾಲು ಕೇಳಿದರೆ, "ನನ್ ಹತ್ರ ಎಂತಕ್ಕೆ ಕೇಳ್ತ್ರಿ? ಪೆಟ್ಗೆ ಹತ್ರ ಕೇಳಿ" ಅಂದಳು. ನಾನು ನಕ್ಕಿದ್ದೆ.

ಇನ್ನೊಂದು ತಪ್ಪೂ ಇದೆ. ಆ ಕಡತದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ನನ್ನ ಹೆಸರಿತ್ತು. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪೇ ಆಗಲಿಲ್ಲ. ಬೇಕೆಂದು ಬಿಟ್ಟಿದ್ದರೇ ವಾಸಿಯಿತ್ತು. ಬಿಡುವ ಮೊದಲು ಒಂದು ಸಲ ಅವಳನ್ನು ನೆನೆದಂತಾದರೂ ಆಗುತ್ತಿತ್ತು.

ಪೆಟ್ಟಿಗೆ ಕೆಟ್ಟದ್ದೂ ನನ್ನಿಂದಲೇ. ಸಮುದ್ರದ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಮಳೆಗೆ ಗೋಡೆ ಬೆವರುತ್ತದೆ. ನಮ್ಮ ಹಿರಿಯರು ಬೀಜದ ಭತ್ತವನ್ನು ಹುಲ್ಲಿನ ಮುಡಿ ಕಟ್ಟಿ ಒಲೆಯ ಮೇಲೆ ತೂಗುಹಾಕುತ್ತಿದ್ದರು. ಹಾಡೂ ಬೀಜವೇ ಅಲ್ಲವೇ ಎಂದು ನನಗೆ ಹೊಳೆಯಿತು. ಇಂಥವು ಹೊಳೆದಾಗ ನಾನು ಯಾರ ಮಾತನ್ನೂ ಕೇಳುವುದಿಲ್ಲ. ದಿನಾ ಕೆಲಸ ಮುಗಿದ ಮೇಲೆ ತಂತಿಗಳನ್ನೆಲ್ಲ ಕಳಚಿ, ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲಿಡುತ್ತಿದ್ದೆ. "ಹೊಗೆ ಕುಡೀತದೆ ಮಾರಾಯ್ರೆ" ಎಂದು ಮಾಸ್ತಮ್ಮ ಹೇಳಿದ್ದಳು. "ನಿಂಗೆ ಗೊತ್ತಾತಿಲ್ಲ, ಸುಮ್ನಿರು" ಎಂದಿದ್ದೆ.

ಎರಡು ದಿನ ತಟ್ಟಿ, ಗದರಿ, ಮೂರನೆಯ ಮಧ್ಯಾಹ್ನ ಪೆಟ್ಟಿಗೆ ಕೊಟ್ಟ ಭಟ್ಕಳದ ಇರ್ಫಾನನಿಗೆ ಫೋನ್ ಮಾಡಿದೆ. ನಡುವಯಸ್ಸಿನ ಸಮಾಧಾನದ ಮನುಷ್ಯ. ನನ್ನ ಕಿವಿ ಮಂದವಾದ್ದರಿಂದ ಫೋನಿನ ಸ್ಪೀಕರ್ ಹಾಕಿಟ್ಟೆ.

"ಪರದೆಯ ಲೈಟ್ ಹತ್ತಿದ್ಯಾ ಅಜ್ಜಾ? ಕೇಬಲ್ ಎರಡೂ ಕಡೆ ತೆಗ್ದು ಬಿಗಿ ಮಾಡಿ ಹಾಕಿದ್ರಾ?"

ಹಾಕಿದ್ದೆ.

"ಶುರುವಾಗೋವಾಗ ಬೀಪ್ ಬರ್ತದಾ? ಸದ್ದು?"

"ಎಂತದ್ದೂ ಇಲ್ಲ."

ಎದುರಿನ ಕಪ್ಪು ಪರದೆಯಲ್ಲಿ ನನ್ನ ಹಿಂದಿನ ಕೋಣೆಯೆಲ್ಲ ಕೆರೆಯ ನೀರಿನಲ್ಲಿ ಕಂಡಂತೆ ಕಾಣುತ್ತಿತ್ತು: ಕಿಟಕಿ, ಅದರಾಚೆಯ ತೆಂಗಿನ ಗರಿ, ಪೊರಕೆಗೆ ಹಿಡಿಕಡ್ಡಿ ಸೀಳುತ್ತ ಕೂತ ಮಾಸ್ತಮ್ಮ. ಅವಳು ಕತ್ತಿ ಕೆಳಗಿಟ್ಟು ಬೆರಳು ಮಡಚುತ್ತಿದ್ದಳು. ಒಂದು, ಎರಡು, ಮೂರು. ಏನನ್ನೋ ಎಣಿಸುತ್ತಿದ್ದಳು. ಅವಳನ್ನು ಅಷ್ಟು ಹೊತ್ತು ನೋಡಿ ಎಷ್ಟು ಕಾಲವಾಗಿತ್ತೋ.

"ಇಲ್ಲ ಅಂದ್ರೆ ಎಂತ?" ಎಂದಳು. "ಮೂರು ದಿನ್ದಿಂದ ಕೂಗ್ತೇ ಅದೆ. ಹೇಳಿದ್ರೆ ಫ್ಯಾನು ಅಂತ್ರಿ."

ಫೋನಿನಲ್ಲಿ ಇರ್ಫಾನ್ ನಕ್ಕ. "ಅಜ್ಜಾ, ನೀವು ಸ್ವಲ್ಪ ಆಚೆ ಕೂರಿ. ಅಮ್ಮಾ, ಹೇಗೆ ಕೂಗ್ತದೆ ಹೇಳಿ."

"ಉದ್ದಕ್ಕೆ ಒಂದು ಕೂಗು, ಬಿಡ್ತದೆ. ಮತ್ತೆ ಉದ್ದಕ್ಕೆ ಒಂದು. ನಟ್ಟಿಲಿ ಒಂದು ಸಾಲಿನವ್ರು ಹೇಳಿ ಬಿಟ್ರೆ ಇನ್ನೊಂದು ಸಾಲಿನವ್ರು ಎತ್ಕೊಳ್ತ್ರಲ್ಲ, ಹಾಂಗೆ. ಆದ್ರೆ ಇಲ್ಲಿ ಎತ್ಕೊಳ್ಳೋರು ಯಾರೂ ಇಲ್ಲ."

"ಸಾಕಮ್ಮ, ಗೊತ್ತಾಯ್ತು. ರ್‍ಯಾಮ್ ಪಟ್ಟಿ ಸರಿಯಾಗಿ ಕೂತಿಲ್ಲ, ಇಲ್ಲ ಮಸಿ ಹಿಡಿದದೆ."

"ಹಾಡು ಉಳೀತದಾ?" ಎಂದು ನಾನು ಆಚೆಯಿಂದ ಕೂಗಿದೆ.

"ಅದು ಬೇರೆ ಕಡೆ ಇರ್ತದೆ ಅಜ್ಜಾ. ಅಲ್ಲಿಗೂ ಮಸಿ ಹೋಗಿದ್ರೆ ನಾನೇನೂ ಹೇಳೋಕಾಗಲ್ಲ. ಕರೆಂಟ್ ತೆಗ್ದು, ಮುಚ್ಚಳ ಬಿಚ್ಚಿ."

ಬಿಚ್ಚಿದೆ. ಒಳಗೆ ಬಚ್ಚಲೊಲೆಯ ಮಸಿ ತೆಳ್ಳಗೆ ಎಲ್ಲ ಕಡೆ ಕೂತಿತ್ತು. ಮಾಸ್ತಮ್ಮ ಬಗ್ಗಿ ನೋಡಿದಳು. "ಹಪ್ಳ ಇಟ್ಟಿದ್ರೂ ಇಷ್ಟು ಕರಿ ಆತಿರ್ಲಿಲ್ಲ" ಎಂದಳು, ಅಷ್ಟೇ. ಇನ್ನೆರಡು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಅರ್ಧ ಗೇಣುದ್ದದ ಪಟ್ಟಿಯನ್ನು ಹೊರತೆಗೆದೆ. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಬೇಕಂತೆ. ಟೈಪಿಸ್ಟನ ಗಡಸು ರಬ್ಬರು ನನ್ನಲ್ಲಿತ್ತು. ಅದು ಕೆರೆದುಹಾಕುತ್ತದೆ, ಶಾಲೆಯ ಮಕ್ಕಳ ಮೆತ್ತನೆಯದು ಬೇಕು ಎಂದ ಇರ್ಫಾನ್. ಮಾಸ್ತಮ್ಮ ಪಕ್ಕದ ಮನೆಯಿಂದ ಕಡ ತಂದಳು. ನಾನು ಉಜ್ಜಿದೆ. ಜೀವಮಾನವೆಲ್ಲ ರಬ್ಬರು ಹಿಡಿದದ್ದು ಇದ್ದದ್ದನ್ನು ಅಳಿಸಲಿಕ್ಕೆ. ಉಜ್ಜಿದರೆ ಏನಾದರೂ ಮೂಡಿಬರಲಿ ಎಂದು ಬೇಡಿಕೊಂಡದ್ದು ಅಂದೇ ಮೊದಲು.

ಪಟ್ಟಿಯನ್ನು ಟಕ್ಕೆನ್ನುವ ತನಕ ಒತ್ತಿ ಕೂರಿಸಿ, ಗುಂಡಿ ಒತ್ತಿ, ನಾನು ಪರದೆ ನೋಡಲಿಲ್ಲ. ಅವಳ ಮುಖ ನೋಡಿದೆ.

"ಒಂದೇ ಸಲ ಕೂಗ್ತು," ಎಂದಳು. "ಸಣ್ಣಕ್ಕೆ."

ತಿರುಗಿ ನೋಡಿದರೆ ಪರದೆ ಬೆಳಗಿತ್ತು. ಕಡತ ತೆರೆದೆ. ಹಾಡುಗಳಿದ್ದವು, ಕೊನೆಯ ಸೊಲ್ಲಿನ ತನಕ. ಮತ್ತೆ ಮೇಲಕ್ಕೆ ಹೋದಾಗ ಮೊದಲ ಪುಟ ಬಂತು.

"ಅಲ್ಲಿ ದೊಡ್ಡಕ್ಕೆ ಎಂತ ಬರ್ದದೆ?"

"ನಿನ್ ಹೆಸ್ರು."

"ಹೌದಾ? ಓದಿ ಕಾಂಬೊ."

ನನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದೆ: "ಹಾಡಿದವರು ಮಾಸ್ತಮ್ಮ, ಹಿರೇಗುತ್ತಿ."

ಅವಳಿಗೆ ನಗು ಬಂತು. "ಹಿರೇಗುತ್ತಿ ಎಂತಕ್ಕೆ? ಇಷ್ಟು ವರ್ಷ ಆದ್ಮೇಲೂ ನಾ ಇಲ್ಲಿಯವ್ಳಲ್ದಾ? ಅದೊಂದು ತೆಗೀರಿ."

"ತೆಗೀತೆ," ಎಂದೆ.

ರಬ್ಬರು ವಾಪಸು ಕೊಟ್ಟು ಬರಲು ಅವಳು ಪಕ್ಕದ ಮನೆಗೆ ಹೊರಟಳು. ನಡುವೆ ಒಂದು ಬೇಲಿ, ನಾಲ್ಕು ತೆಂಗಿನ ಮರ. ನಲವತ್ತು ವರ್ಷದ ಕಸುಬಿನಲ್ಲಿ ನಾನು ಅಷ್ಟು ವೇಗವಾಗಿ ಎಂದೂ ಟೈಪ್ ಮಾಡಿದವನಲ್ಲ.