ಮುಯ್ಯಾಳಿಗೆ ಒಪ್ಪದ ಗೋವಿಂದಯ್ಯ

ಪಂಚಾಯಿತಿಯ ಬಿಲ್ ಕಲೆಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಗೋವಿಂದಯ್ಯನಿಗೆ ಒಂದೇ ಹಟ. ಬಂದ ಆದಾಯ ಮೀರಿ ಕೇಂದ್ರ ಸರ್ಕಾರ ಒಂದು ರೂಪಾಯಿಯೂ ಖರ್ಚು ಮಾಡಕೂಡದು, ಅದನ್ನು ಸಂವಿಧಾನದಲ್ಲೇ ಬರೆಯಬೇಕು. ಭೇರ್ಯದ ಟೀ ಅಂಗಡಿಯಲ್ಲಿ ಈ ಮಾತು ಎತ್ತಿದನೆಂದರೆ ಕೈಯಲ್ಲಿದ್ದ ಟೀ ಆರಿಹೋಗುತ್ತಿತ್ತು. "ಬರೀ ಕಾನೂನಾದ್ರೆ ನಾಳೆನೇ ಬದಲಾಯಿಸ್ತಾರೆ ಕಣ್ರಪ್ಪ. ಸಂವಿಧಾನದಲ್ಲಿದ್ರೆ ಅಷ್ಟು ಸಲೀಸಾಗಿ ಮುಟ್ಟಕ್ಕಾಗಲ್ಲ."

ನಗುವವರು ನಗುತ್ತಿದ್ದರು. ಅವನ ಅಪ್ಪ ಮದುವೆ ಸಾಲಕ್ಕೆ ಧಣಿಯ ಕೊಟ್ಟಿಗೆಯಲ್ಲಿ ಜೀತಕ್ಕಿದ್ದದ್ದು, ಅಪ್ಪ ಸತ್ತ ಮೇಲೆ ಆ ಸಾಲ ಎಳೆಯ ಗೋವಿಂದನ ಹೆಗಲಿಗೆ ಬಿದ್ದದ್ದು ಊರಿಗೆ ಗೊತ್ತಿಲ್ಲದ್ದೇನಲ್ಲ. ಅಂಥವನು ಸಾಲ ಅಂದರೆ ಬೆಚ್ಚುವುದನ್ನು ಜಿಪುಣತನ ಅನ್ನಲು ನಾಲಿಗೆಗೆ ನಾಚಿಕೆ ಬೇಡವೇ? ತನ್ನ ಗದ್ದೆಗೆ ಬಂದವರ ಕೂಲಿಯನ್ನು ಅವನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡುತ್ತಿದ್ದ. ಮುಯ್ಯಾಳಿಗೆ ಮಾತ್ರ ಒಪ್ಪುತ್ತಿರಲಿಲ್ಲ. ಇವತ್ತು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ ಅನ್ನುವ ಆ ಲೆಕ್ಕದಲ್ಲಿ ಒಂದು ದಿನವಾದರೂ ಇನ್ನೊಬ್ಬರ ಋಣದಲ್ಲಿರಬೇಕಲ್ಲ!

ಬಿ.ಎ. ಮುಗಿಸಿದ ಮಗಳು ಸಂಘಮಿತ್ರ ಮನೆಯಲ್ಲೇ ಎದುರುವಾದಿ. "ಬೆಳೆ ಕೈಕೊಟ್ಟ ವರ್ಷ ತೆರಿಗೆನೂ ಕಮ್ಮಿ ಬತ್ತದೆ ಅಪ್ಪ. ಆಗ ನಿನ್ ಕಲಂ ತೋರ್ಸಿ ಖರ್ಚು ಕಡಿತಾರೆ. ಯಾವುದನ್ನ ಮೊದ್ಲು? ಅವರು ವಿಮಾನ ಹತ್ತೋದನ್ನಾ, ನಮ್ಮೂರಿಗೆ ಕೊಡೋ ಕೂಲಿ ಕೆಲಸಾನಾ?"

"ಮತ್ತೆ ಸರ್ಕಾರ ಸಾಲ ಮಾಡಿದ್ರೆ ತೀರ್ಸೋರು ಯಾರವ್ವ? ಇನ್ನೂ ಹುಟ್ಟದೇ ಇರೋ ಮಕ್ಕಳು!"

ಇಬ್ಬರ ಮಾತಲ್ಲೂ ನ್ಯಾಯವಿತ್ತು. ನ್ಯಾಯವಿಲ್ಲದ್ದು, ಮಿತವ್ಯಯದ ಪಾಠವನ್ನು ಯಾವಾಗಲೂ ಬಡವನ ತಟ್ಟೆಯ ಮುಂದೆಯೇ ನಿಂತು ಹೇಳುವ ದೊಡ್ಡವರ ಬಾಯಲ್ಲಿ.

ಈ ಸಲ ನಾಟಿಯ ಹೊತ್ತಿಗೆ ಹೆಂಡತಿ ಚಿಕ್ಕಸಿದ್ದಮ್ಮ ಬದುವಿನ ಮೇಲೆ ಜಾರಿ ಕಾಲು ಮುರಿದುಕೊಂಡಳು. ಗೋವಿಂದಯ್ಯನ ಸೊಂಟ ಬಗ್ಗದು. ಕೂಲಿಗೆ ಆಳು ಸಿಗಲಿಲ್ಲ. ಸಸಿಮಡಿಯಲ್ಲಿ ಪೈರು ಬಲಿಯುತ್ತಿತ್ತು, ಇನ್ನು ತಡವಾದರೆ ವರ್ಷದ ಅನ್ನ ಹೋದ ಹಾಗೆಯೇ. ಪಕ್ಕದ ಗದ್ದೆಯ ಮೂರ್ತಿ ಬಂದ. "ಗೋವಿಂದಣ್ಣ, ನಮ್ ಮನೆಯೋರೆಲ್ಲ ಬತ್ತೀವಿ. ಮುಯ್ಯಾಳು ಅಂತ ಇಟ್ಕೊ."

"ತಿರುಗಿ ಬರಕ್ಕೆ ನಂಗೆ ಸೊಂಟ ಇಲ್ಲ ಕಣಪ್ಪ."

"ಮುಂದಿನ ವರ್ಷ ಬಾ."

"ಅಷ್ಟೊತ್ಗೆ ನಾನೇ ಇಲ್ದಿದ್ರೆ?"

"ಮಗಳು ಬತ್ತಾಳೆ ಬುಡು."

ಗೋವಿಂದಯ್ಯ ಸಿಡಿದೆದ್ದ. "ನನ್ ಋಣ ನನ್ ಮಗಳ ತಲೆ ಮೇಲಾ? ಮಕ್ಕಳ ಮೇಲೆ ಸಾಲ ಹೊರ್ಸೋದು ನಮ್ಮಪ್ಪನ ಕಾಲಕ್ಕೇ ಮುಗೀಲಿ!"

ಸಂಘಮಿತ್ರ ಅಪ್ಪನಿಗೆ ಒತ್ತಿಕೊಂಡು ಕೂತಳು, ವಾದಕ್ಕೆ ಕೂರುವ ಹಾಗಲ್ಲ. "ತಾತನ ಸಾಲ ಹೊರ್ಸುವಾಗ ಧಣಿ ನಿನ್ನ ಒಂದು ಮಾತು ಕೇಳಿದ್ನಾ ಅಪ್ಪ? ಮೂರ್ತಿ ಚಿಕ್ಕಪ್ಪ ನನ್ ಮುಂದೆನೇ ಕೇಳ್ತಾವ್ರೆ. ನಾನು ಒಪ್ಕೊಂಡೆ. ಆ ಅನ್ನ ಉಣ್ಣೋಳೂ ನಾನೇ ಅಲ್ವಾ?"

"ಅಪ್ಪ ಮಗಳ ಪಾರ್ಲಿಮೆಂಟು ಮುಗೀತಾ?" ಒಳಗಿಂದ ಚಿಕ್ಕಸಿದ್ದಮ್ಮ ಕೂಗಿದಳು. "ಪೈರು ಕಾಯ್ತಾ ಕೂರಲ್ಲ!"

ಗೋವಿಂದಯ್ಯ ಮೂರ್ತಿಯತ್ತ ನೋಡದೆಯೇ, "ಬೆಳಿಗ್ಗೆ ತಿಂಡಿಗೆ ಇಲ್ಲಿಗೇ ಬಂದ್ಬುಡಿ," ಅಂದ.

ಮಾರನೆಯ ಸಂಜೆ ನಾಟಿ ಮುಗಿಸಿ, ಕೆಸರುಗಾಲು ತೊಳೆದು ಅವರು ಹೊರಟಾಗ ಅವನ ಕೈ ತಾನಾಗಿಯೇ ಜೇಬಿಗಿಳಿಯಿತು. ಅಲ್ಲೇ ನಿಂತಿತು. ಬರಿಗೈ ತೆಗೆದು ಮೂರ್ತಿಯ ಭುಜದ ಮೇಲಿಟ್ಟ.

"ನಿಮ್ ನಾಟಿ ಯಾವತ್ಲಾ?"

"ಸೋಮವಾರ ಅಣ್ಣ."

"ಮಗಳು ಬತ್ತಾಳೆ. ಅವಳೊಬ್ಬಳಿಂದ ತೀರಲ್ಲ, ಗೊತ್ತು. ಮಿಕ್ಕಿದ್ದು ನಮ್ ಮೇಲೆ ಇರ್ಲಿ ಬುಡು."