ಉಗಿದ ದ್ರಾಕ್ಷಿರಸ

ಕೆಂಪು ವೈನ್ ಎಂದರೆ ಕಪ್ಪಗೆ, ದಪ್ಪಗೆ, ತಲೆಗೆ ಹೊಡೆಯುವ ಹಾಗಿರಬೇಕು ಎಂದು ನಂಬಿದವರೇ ಹೆಚ್ಚು. ಅವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ, ಮನಸ್ಸಿನಲ್ಲೇ ಕನಿಕರಪಡುತ್ತೇನೆ. ರೈನ್ ನದಿಯ ಪ್ರವಾಸಿ ಹಡಗೊಂದರಲ್ಲಿ ಹನ್ನೊಂದು ವರ್ಷ ಊಟದ ಮೇಜುಗಳಿಗೆ ವೈನ್ ಬಡಿಸಿದವನು ನಾನು. ಆ ನದಿಗೆ ಬಂದು ಸೇರುವ ಆರ್ ಎಂಬ ಸಣ್ಣ ಹೊಳೆಯ ಕಣಿವೆಗೆ ಕಂಪೆನಿಯವರು ನಮ್ಮನ್ನು ಕಲಿಯಲೆಂದು ವರ್ಷಕ್ಕೊಮ್ಮೆ ಕರೆದೊಯ್ಯುತ್ತಿದ್ದರು.

ಅದು ಚಳಿಯ ಸೀಮೆ. ಕಾಲಿಟ್ಟರೆ ಜಾರುವಷ್ಟು ಕಡಿದಾದ ಗುಡ್ಡಗಳಲ್ಲಿ ಬಳ್ಳಿ ಹಬ್ಬಿಸಿರುತ್ತಾರೆ. ನೆಲದ ತುಂಬ ಕಪ್ಪು ಕಲ್ಲಿನ ಚೂರುಗಳು. ಹಗಲು ಹೀರಿದ ಬಿಸಿಲನ್ನು ಆ ಕಲ್ಲುಗಳು ಸಂಜೆಯ ಮೇಲೆ ಬಳ್ಳಿಗೆ ಕೊಡುತ್ತವೆ. ಅಷ್ಟಾದರೂ ಹಣ್ಣು ಮಾಗಲು ಬಹಳ ದಿನ ತೆಗೆದುಕೊಳ್ಳುತ್ತದೆ, ಹುಳಿ ಪೂರ್ತಿ ಬಿಟ್ಟುಕೊಡುವುದಿಲ್ಲ. ಪಿನೋ ನ್ವಾರ್ ಎಂಬ ಆ ದ್ರಾಕ್ಷಿಯ ಸಿಪ್ಪೆ ತೆಳು, ವೈನಿನ ಬಣ್ಣ ನಮ್ಮ ಪುನರ್ಪುಳಿ ಶರಬತ್ತಿನ ತಿಳಿಗೆಂಪು. ಮೂಗಿಗೆ ಹಿಡಿದರೆ ಮೊದಲು ಹುಳಿಹಣ್ಣು, ಆಮೇಲೆ ಒದ್ದೆಯಾದ ತರಗೆಲೆ. ಗಲಾಟೆಯಿಲ್ಲದ ವೈನ್. ನನಗೆ ಅದರ ಮೇಲೆ ನಿಜವಾಗಿ ಪ್ರೀತಿಯಿತ್ತು.

ಅಲ್ಲಿ ಒಂದೇ ಬೆಳಿಗ್ಗೆ ಇಪ್ಪತ್ತು ಮೂವತ್ತು ಬಗೆ ರುಚಿ ನೋಡಬೇಕು. ನುಂಗುತ್ತ ಹೋದರೆ ಮಧ್ಯಾಹ್ನ ನಮ್ಮನ್ನು ಎತ್ತಿಕೊಂಡೇ ಹೋಗಬೇಕಾದೀತು. ಹಾಗಾಗಿ ಒಂದು ಗುಟುಕನ್ನು ಬಾಯಲ್ಲಿ ಹೊರಳಾಡಿಸಿ, ತುಟಿಯ ಸಂದಿಯಿಂದ ಗಾಳಿ ಎಳೆದು, ಪಕ್ಕದ ಬಕೆಟ್ಟಿಗೆ ಉಗಿಯುವುದು ಕ್ರಮ. ಹನ್ನೊಂದು ವರ್ಷ ಹಾಗೆ ಉಗಿದಿದ್ದೇನೆ.

ಆಮೇಲೆ ಹಡಗಿನ ಓಡಾಟವೇ ನಿಂತು ನನ್ನ ಕೆಲಸ ಹೋಯಿತು. ಉಡುಪಿಯಲ್ಲಿ ಒಂದಷ್ಟು ಕಾಲ ಖಾಲಿ ಕುಳಿತು, ಕೊನೆಗೆ ಸೌದಿಯ ತಬೂಕಿಗೆ ಬಂದೆ. ಹೋಟೆಲುಗಳಿಗೆ ಹಣ್ಣಿನ ರಸ ಒದಗಿಸುವ ಭಟ್ಕಳದ ಸಾಹೇಬರೊಬ್ಬರಲ್ಲಿ ಖರೀದಿಯ ಕೆಲಸ. ಸಾಹೇಬರು ಐದು ಹೊತ್ತಿನ ನಮಾಜು ತಪ್ಪಿಸದವರು. ಹಡಗಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಿದಾಗ, 'ಅಡುಗೆಮನೆಯ ಸ್ಟೋರ್' ಎಂದುಬಿಟ್ಟೆ. ಒಮ್ಮೆ ಹೇಳಿದ ಸುಳ್ಳನ್ನು ನಾಲ್ಕು ವರ್ಷ ಸಾಕಿದೆ. ನನ್ನ ವಯಸ್ಸು ಐವತ್ತೆರಡು. ಈ ಕೆಲಸ ಹೋದರೆ ಇಲ್ಲಿ ಇರಲು ಕೊಟ್ಟ ಪರವಾನಗಿ, ಇಕಾಮಾ, ಹೋಗುತ್ತದೆ, ಊರಲ್ಲಿ ಯಾರೂ ಕರೆಯುವುದಿಲ್ಲ. ಅದಕ್ಕಿಂತಲೂ ಸಾಹೇಬರ ಕಣ್ಣಿನಲ್ಲಿ ಸಣ್ಣವನಾಗುವ ಹೆದರಿಕೆ ದೊಡ್ಡದಿತ್ತು.

ಕಳೆದ ಬೇಸಿಗೆಯ ಕೊನೆಯಲ್ಲಿ ಊರಾಚೆಯ ಎತ್ತರದ ತೋಟವೊಂದಕ್ಕೆ ದ್ರಾಕ್ಷಿ ನೋಡಲು ಹೋದೆವು. ತೋಟದ ಯಜಮಾನರು ವಯಸ್ಸಾದ ಅರಬ್ಬರು. ಚಪ್ಪರದ ಕೆಳಗೆ ಜಮಖಾನ ಹಾಸಿ, ಆಗಷ್ಟೇ ಹಿಂಡಿದ ಕೆಂಪು ರಸವನ್ನು ತಾವೇ ಲೋಟಕ್ಕೆ ಬಗ್ಗಿಸಿ ನನ್ನ ಕೈಗಿಟ್ಟು 'ತಫದ್ದಲ್', ತಗೊಳ್ಳಿ, ಎಂದರು. ನಾನು ಮೂಸಿದೆ. ಆರ್ ಕಣಿವೆಯ ಅದೇ ಹುಳಿ! ಈ ಬಿಸಿಲಿನ ನಾಡಿನಲ್ಲಿ ಎಲ್ಲವೂ ಸಕ್ಕರೆಯಾಗಿರುತ್ತದೆ ಎಂದುಕೊಂಡಿದ್ದವನಿಗೆ ಒಂದು ಕ್ಷಣ ಎಲ್ಲ ಮರೆತುಹೋಯಿತು. ಬಾಯಲ್ಲಿ ಹೊರಳಾಡಿಸಿದೆ, ಗಾಳಿ ಎಳೆದೆ, ಎಡಕ್ಕೆ ತಿರುಗಿ ಪಿಚಕ್ಕನೆ ಉಗಿದೆ.

ಬಕೆಟ್ ಇರಲಿಲ್ಲ. ಯಜಮಾನರ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಮರಳು ಕೆಂಪಾಯಿತು. ಅವರ ಮುಖ ಕಪ್ಪಿಟ್ಟಿತು. ಅವರ ಪಾಲಿಗೆ, ಅತಿಥಿಯಾಗಿ ಬಂದವನು ತಾವು ಕೈಯಾರೆ ಕೊಟ್ಟದ್ದನ್ನು ತಮ್ಮೆದುರೇ ಉಗಿದಿದ್ದ. ಸಾಹೇಬರು ತಕ್ಷಣ ಅರಬ್ಬಿಯಲ್ಲಿ, ಇವನ ಹೊಟ್ಟೆ ಸರಿಯಿಲ್ಲ, ಬೆಳಿಗ್ಗೆಯಿಂದ ಏನೂ ನಿಲ್ಲುತ್ತಿಲ್ಲ ಎಂದು ಹೇಗೋ ಸಂಭಾಳಿಸಿದರು. ನಾನು ತಲೆತಗ್ಗಿಸಿ ಕುಳಿತೆ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವರು ಸಾಹೇಬರೇ. ರಸ್ತೆ ನೋಡುತ್ತಲೇ ಕೇಳಿದರು:

"ನೀವು ಹಡಗಲ್ಲಿ ಎಂತ ಕೆಲಸ ಮಾಡ್ತಾ ಇದ್ದದ್ದು ಮಾರಾಯ್ರೆ? ಸ್ಟೋರ್ ಅಂತ ಹೇಳ್ಬೇಡಿ. ಹಾಗೆ ಉಗಿಯುವವರನ್ನು ನಾನು ಟೀವಿಯಲ್ಲಿ ನೋಡಿದ್ದೇನೆ."

"ವೈನ್ ಬಡಿಸ್ತಾ ಇದ್ದೆ ಸಾಹೇಬ್ರೆ," ಎಂದೆ. "ಹನ್ನೊಂದು ವರ್ಷ."

ಅವರು ಪೆಟ್ರೋಲ್ ಬಂಕಿನ ಪಕ್ಕದ ಮಸೀದಿಯೆದುರು ಕಾರು ನಿಲ್ಲಿಸಿ ಸಂಜೆಯ ಅಸರ್ ನಮಾಜಿಗೆ ಇಳಿದರು. ನಾನು ಒಳಗೇ ಕುಳಿತು, ಕೆಲಸ ಹೋಯಿತೆಂದು ಹೆಂಡತಿಗೆ ಫೋನಿನಲ್ಲಿ ಹೇಗೆ ಹೇಳುವುದೆಂದು ಮಾತು ಜೋಡಿಸತೊಡಗಿದೆ.

ಬಂದು ಕುಳಿತವರು ಕೀಲಿ ತಿರುಗಿಸಲಿಲ್ಲ.

"ಆ ಕೆಲಸ ನನಗೆ ಸರಿ ಕಾಣುವುದಿಲ್ಲ. ಅದನ್ನು ನಿಮ್ಮ ಮುಖಕ್ಕೇ ಹೇಳ್ತೇನೆ," ಎಂದರು. "ಆದ್ರೆ ಅದು ನಿಮ್ಮ ಹೊಟ್ಟೆಪಾಡು. ನನಗೆ ಬೇಜಾರು ಅದಲ್ಲ. ನಾಲ್ಕು ರಂಜಾನ್ ನನ್ನ ಮನೆಯಲ್ಲಿ ಒಂದೇ ತಟ್ಟೆಯಿಂದ ತಿಂದಿದ್ದೀರಿ. ಆದ್ರೂ ನನಗೆ ಹೆದರಿಕೊಂಡೇ ಕೂತಿದ್ರಾ?"

ನನಗೆ ಅಳು ಬಂತು. ಹೆಂಡತಿಯೆದುರೂ ಹಾಗೆ ಅತ್ತವನಲ್ಲ. "ತಪ್ಪಾಯ್ತು ಸಾಹೇಬ್ರೆ," ಎಂದಷ್ಟೇ ಹೇಳಲು ಸಾಧ್ಯವಾಯಿತು.

ಅವರು ಟಿಶ್ಯೂ ಪೆಟ್ಟಿಗೆಯನ್ನು ನನ್ನತ್ತ ತಳ್ಳಿ ಕಾರು ಹೊರಡಿಸಿದರು.

"ಯಲ್ಲಾ, ಮುಖ ಒರೆಸಿಕೊಳ್ಳಿ. ನಾಳೆ ಆ ಅಜ್ಜನಿಗೆ ನಾನು ಜವಾಬು ಕೊಡ್ಬೇಕು. ಅವರ ದ್ರಾಕ್ಷಿ ಹೇಗಿತ್ತು, ಅದು ಹೇಳಿ ನೀವು."

ನಾಲ್ಕು ವರ್ಷಗಳಲ್ಲಿ ಯಾರೂ ನನ್ನ ಬಳಿ ರುಚಿ ಹೇಗಿತ್ತೆಂದು ಕೇಳಿರಲಿಲ್ಲ. ನಾನು ಮೂಗು ಒರೆಸಿಕೊಂಡು ಹೇಳತೊಡಗಿದೆ. ತಬೂಕ್ ಮುಟ್ಟಿದರೂ ನನ್ನ ಮಾತು ಮುಗಿದಿರಲಿಲ್ಲ. ಅವರು ಮನೆಯೆದುರು ಇಂಜಿನ್ ಆರಿಸಿ ಕೇಳುತ್ತ ಕುಳಿತರು.